ಜರ್ಮನಿಯ ಸೋದರ ಸಭೆಯ ಜೊತೆ ನಮ್ಮ ಒಡನಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯ ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಅನ್ನುವ ಪ್ರೊಟೆಸ್ಟಂಟ್ ಚರ್ಚ್) ಸಭೆಗೂ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಒಂದು ಸಭೆಗೂ ಸೋದರ ಸಂಬಂಧ ಇದೆ. ಆರಾಧನೆ ಮುಗಿದು ಅಂಗಳದಲ್ಲಿ ನಿಂತಾಗ, ಪ್ರಾರ್ಥನಾ ಕೂಟದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಜನ ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ನಾನು ಸಹಭಾಗಿತ್ವ ಸಮಿತಿಯಲ್ಲಿ ಇರುವುದರಿಂದ ಉತ್ತರ ಹೇಳುವ ಸರದಿ ನನಗೇ ಜಾಸ್ತಿ ಬರುತ್ತದೆ. ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಹೊಸದಾಗಿ ಇಂಥ ಸಂಬಂಧ ಬೆಳೆಸಲು ಹೊರಟಿರುವ ಬೇರೆ ಸಭೆಯವರಿಗೂ ಉಪಯೋಗಕ್ಕೆ ಬರಬಹುದು.

ಸೋದರ ಸಭೆ ಅಂದ್ರೆ ಏನು? ನಾವು ಅವರ ಕೈಕೆಳಗೆ ಇದ್ದೀವಾ?

ಇಲ್ಲ. ಎರಡೂ ಸಭೆಗಳು ಅವರವರ ಆಡಳಿತ ಅವರವರೇ ನೋಡಿಕೊಳ್ಳುತ್ತವೆ. ನಮ್ಮ ಅಯ್ಯನವರನ್ನು, ಅಂದರೆ ಪಾಸ್ಟರನ್ನು, ನೇಮಿಸುವುದು ನಮ್ಮ ಸಭಾಪ್ರಾಂತ್ಯ (ಡಯಾಸಿಸ್). ಅವರ ಪಾಸ್ಟರನ್ನು ನೇಮಿಸುವುದು ಅವರ ಸೀಮೆಯ ಚರ್ಚ್. ಸೋದರ ಸಭೆ ಅಂದರೆ ಒಬ್ಬರಿಗೊಬ್ಬರು ಪ್ರಾರ್ಥನೆ ಮಾಡುವುದು, ಪತ್ರ ಬರೆಯುವುದು, ಕೆಲವು ವರ್ಷಕ್ಕೊಮ್ಮೆ ಹೋಗಿ ಬಂದು ಮಾಡುವುದು, ಕಷ್ಟಸುಖ ಮುಚ್ಚಿಡದೆ ಹಂಚಿಕೊಳ್ಳುವುದು. ಇಷ್ಟೇ. ಆದರೆ ಈ 'ಇಷ್ಟೇ' ಸರಿಯಾಗಿ ನಡೆಯಬೇಕಾದರೆ ಎರಡೂ ಕಡೆ ತಾಳ್ಮೆ ಬೇಕು.

ಇಷ್ಟು ದೇಶ ಇರುವಾಗ ಜರ್ಮನಿಯೇ ಯಾಕೆ?

ನಮ್ಮ ಊರಿನ ಹಳೇ ಮಾಡುಗಳನ್ನು ನೋಡಿ. ಹಂಚು ತಿರುವಿ ಹಾಕಿದರೆ ಕೆಲವದರ ಅಡಿಯಲ್ಲಿ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865' ಅನ್ನುವ ಅಚ್ಚು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಸಂಬಂಧ ಅಷ್ಟು ಹಳೆಯದು.

ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್‌ಲೆಂಡ್‌ನ ಬಾಸೆಲ್‌ನಲ್ಲಿ. ಆದರೆ ಅಲ್ಲಿ ತರಬೇತಿ ಪಡೆದು ಹೊರಟವರಲ್ಲಿ ತುಂಬಾ ಜನ ಪಕ್ಕದ ವುರ್ಟೆಂಬರ್ಗ್‌ನವರು. ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಈ ಮೂವರು 1834ರ ಅಕ್ಟೋಬರ್‌ನಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷ ಕಳೆದು ಬಂದವರು ಹರ್ಮನ್ ಮೋಗ್ಲಿಂಗ್. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದವರು ಅವರೇ. ಕನ್ನಡದ ಮೊದಲ ಪತ್ರಿಕೆ ಅದು. 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ನಿಮಗೆಲ್ಲ ಗೊತ್ತೇ ಇದೆ. ಮ್ಯಾನರ್ ಅವರ ತುಳು ನಿಘಂಟು 1886ರದ್ದು.

ಹಂಚಿನ ಕಾರ್ಖಾನೆಯ ಕಥೆಯೂ ಇದರ ಜೊತೆಗೇ ಬರುತ್ತದೆ. ಕ್ರೈಸ್ತರಾದವರಿಗೆ ಆಗ ಮನೆಯೂ ತಪ್ಪುತ್ತಿತ್ತು, ಮಾಡುತ್ತಿದ್ದ ಕೆಲಸವೂ ತಪ್ಪುತ್ತಿತ್ತು. ಅವರ ಹೊಟ್ಟೆಪಾಡಿಗೆ ಮೊದಲು ನೇಯ್ಗೆ, ಆಮೇಲೆ 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಅವರ ಮುಂದಾಳತ್ವದಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ನಮ್ಮ ಸಭೆಯ ಎಷ್ಟೋ ಮನೆಗಳ ಅಜ್ಜ ಮುತ್ತಜ್ಜಂದಿರು ದುಡಿದದ್ದು ನೇತ್ರಾವತಿಯ ಆವೆಮಣ್ಣಿನಲ್ಲಿ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಶಿಬಿರದಲ್ಲಿ ಕೂಡಿಹಾಕಿದರು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಹೋದವು. ಆಗ ಸಭೆಯನ್ನು ಹಿಡಿದು ನಿಲ್ಲಿಸಿದವರು ಇಲ್ಲಿಯವರೇ: ಇಲ್ಲಿಯ ಅಯ್ಯನವರುಗಳು, ಉಪದೇಶಕರು, ಶಾಲಾ ಮಾಸ್ತರುಗಳು, ಮನೆಮನೆಯಲ್ಲಿ ಪ್ರಾರ್ಥನೆ ಬಿಡದ ಹೆಂಗಸರು. ಈ ಭಾಗವನ್ನು ನಾವು ಮಕ್ಕಳಿಗೆ ಕಡಿಮೆ ಹೇಳುತ್ತೇವೆ, ಜಾಸ್ತಿ ಹೇಳಬೇಕು. ಮಿಷನರಿಗಳು ತಂದುಕೊಟ್ಟರು ಅನ್ನುವುದು ಎಷ್ಟು ನಿಜವೋ, ಅವರಿಲ್ಲದಾಗ ನಮ್ಮವರು ಉಳಿಸಿಕೊಂಡರು ಅನ್ನುವುದೂ ಅಷ್ಟೇ ನಿಜ.

ಬಾಸೆಲ್ ಮಿಷನ್ ಈಗಲೂ ಇದೆಯಾ?

2001ರಲ್ಲಿ ಬಾಸೆಲ್ ಮಿಷನ್ ಇನ್ನೂ ಕೆಲವು ಸಂಸ್ಥೆಗಳ ಜೊತೆ ಸೇರಿ 'ಮಿಷನ್ 21' ಆಯಿತು. ಜರ್ಮನಿ ಕಡೆಯಿಂದ ದಕ್ಷಿಣ ಭಾರತ ಸಭೆಯ ಜೊತೆ ಕೆಲಸ ಮಾಡುವುದು ಇ.ಎಂ.ಎಸ್. ಅನ್ನುವ ಒಕ್ಕೂಟ. 1972ರಲ್ಲಿ ಶುರುವಾಗಿದ್ದು, ಕಚೇರಿ ಸ್ಟುಟ್‌ಗಾರ್ಟ್‌ನಲ್ಲಿದೆ. ಮೊದಲು ಅದು ನೈಋತ್ಯ ಜರ್ಮನಿಯ ಚರ್ಚ್‌ಗಳ ಮಿಷನ್ ಸಂಸ್ಥೆ. ಈಗ ಭಾರತ, ಘಾನಾ, ಇಂಡೋನೇಷ್ಯಾ, ಕೊರಿಯಾ, ಜಪಾನ್, ದಕ್ಷಿಣ ಆಫ್ರಿಕಾದ ಚರ್ಚ್‌ಗಳೂ ಅದರ ಸದಸ್ಯರು. ಅಲ್ಲಿ ನಾವು ಸಹಾಯ ಕೇಳಲು ಹೋದವರಾಗಿ ನಿಲ್ಲಬೇಕಿಲ್ಲ. ಸದಸ್ಯರಾಗಿ ಮೇಜಿಗೆ ಕೂರುತ್ತೇವೆ. ನನ್ನ ಮಟ್ಟಿಗೆ ಇದು ದೊಡ್ಡ ಬದಲಾವಣೆ.

ಅವರು ನಮಗೆ ದುಡ್ಡು ಕಳಿಸ್ತಾರಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಸಭೆಗೆ ನೇರವಾಗಿ ದುಡ್ಡು ಬರುವುದಿಲ್ಲ. ಬರಬಾರದು ಅಂತ ಎರಡೂ ಕಡೆ ಮಾತಾಡಿಕೊಂಡೇ ತೀರ್ಮಾನ ಮಾಡಿದ್ದೇವೆ. ಕಾನೂನಿನ ಕಾರಣ ಮುಂದೆ ಹೇಳುತ್ತೇನೆ, ಆದರೆ ಮುಖ್ಯ ಕಾರಣ ಕಾನೂನು ಅಲ್ಲ. ಒಬ್ಬರು ಕೊಡುವವರು, ಒಬ್ಬರು ತಗೊಳ್ಳುವವರು ಅಂತ ಒಮ್ಮೆ ಆಗಿಬಿಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ. ಕೊಡುವವರು ಲೆಕ್ಕ ಕೇಳುತ್ತಾರೆ, ತಗೊಳ್ಳುವವರು ಚೆನ್ನಾಗಿರುವುದನ್ನು ಮಾತ್ರ ತೋರಿಸುತ್ತಾರೆ. ನಮ್ಮ ಜಗಳ, ನಮ್ಮ ಅನುಮಾನ, ಸಭೆ ಬಿಟ್ಟು ಹೋಗುತ್ತಿರುವ ಹುಡುಗರು, ಇದ್ಯಾವುದನ್ನೂ ಆಗ ಬಾಯಿಬಿಟ್ಟು ಹೇಳಲು ಆಗುವುದಿಲ್ಲ.

ಇದು ಹೊಸ ಮಾತೇನಲ್ಲ. 1910ರಲ್ಲಿ ಎಡಿನ್‌ಬರೋದಲ್ಲಿ ಮಿಷನ್‌ಗಳ ದೊಡ್ಡ ಸಮ್ಮೇಳನ ನಡೆಯಿತು. ಅಲ್ಲಿ ದಕ್ಷಿಣ ಭಾರತದ ವಿ.ಎಸ್. ಅಜರಾಯ ಎದ್ದು ನಿಂತು ಮಾತಾಡಿದರು. ನೀವು ಬಡವರಿಗೆ ನಿಮ್ಮ ಆಸ್ತಿ ಕೊಟ್ಟಿದ್ದೀರಿ, ಸುಡುವುದಕ್ಕೆ ದೇಹವನ್ನೇ ಕೊಟ್ಟಿದ್ದೀರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ ಅಂತ ಹೇಳಿದರು. ಎದುರಿಗೆ ಕೂತವರಲ್ಲಿ ಹೆಚ್ಚಿನವರು ಯುರೋಪ್, ಅಮೆರಿಕದವರು. ಅಜರಾಯ ಅವರೇ ಮುಂದೆ 1912ರಲ್ಲಿ ದೋರ್ನಕಲ್‌ನ ಬಿಷಪ್ ಆದರು. ಆ್ಯಂಗ್ಲಿಕನ್ ಸಭೆಯಲ್ಲಿ ಭಾರತದವರೊಬ್ಬರು ಬಿಷಪ್ ಆಗಿದ್ದು ಅದೇ ಮೊದಲು. 1971ರಲ್ಲಿ ಕೆನ್ಯಾದ ಸಭಾ ನಾಯಕ ಜಾನ್ ಗಾಟು ಇನ್ನೂ ಖಡಕ್ಕಾಗಿ ಹೇಳಿದರು: ಸ್ವಲ್ಪ ಕಾಲ ಹೊರಗಿನ ಮಿಷನರಿಗಳೂ ಬೇಡ, ಹೊರಗಿನ ದುಡ್ಡೂ ಬೇಡ, ನಮ್ಮ ಕಾಲ ಮೇಲೆ ನಾವು ನಿಲ್ಲುತ್ತೇವೆ.

ನಮ್ಮ ಒಡನಾಟವನ್ನು ನಾನು ಅಜರಾಯ ಅವರ ಮಾತಿನಿಂದಲೇ ಅಳೆಯುತ್ತೇನೆ. ವರ್ಷದ ಕೊನೆಗೆ ಅಲ್ಲಿಯ ಎಷ್ಟು ಜನರ ಹೆಸರು ಹಿಡಿದು ಪ್ರಾರ್ಥನೆ ಮಾಡಬಲ್ಲೆವು? ಅದೇ ನಮ್ಮ ಲೆಕ್ಕಪತ್ರ.

ಅವರು ಶ್ರೀಮಂತರು, ನಮ್ಮ ಹಾಲ್ ರಿಪೇರಿಗೆ ಕೇಳಿದ್ರೆ ತಪ್ಪೇನು?

ಹಾಲ್ ನಮ್ಮದು. ನಮ್ಮ ಮಕ್ಕಳ ಮದುವೆ, ಸಂಡೇ ಸ್ಕೂಲ್ ನಡೆಯುವುದು ಅಲ್ಲಿ. ರಿಪೇರಿ ನಾವೇ ಮಾಡಿಕೊಳ್ಳಬೇಕು. ಬೆಳೆ ಹಬ್ಬದ ದಿನ ಜನ ಕಾಣಿಕೆಯಾಗಿ ತಂದದ್ದನ್ನು ಸಭೆಗಾಗಿ ಹರಾಜು ಹಾಕುವ ಏಲಂನಲ್ಲಿ ಒಂದು ಬಾಳೆಗೊನೆಗೆ ಜನ ಪೈಪೋಟಿಯಲ್ಲಿ ಕೂಗುವುದನ್ನು ನೋಡಿದರೆ ನಮ್ಮಿಂದ ಆಗುವುದಿಲ್ಲ ಅನ್ನಲು ಮನಸ್ಸು ಬರುವುದಿಲ್ಲ.

ಇನ್ನೊಂದು ವಿಷಯ. ಅಲ್ಲಿ ಚರ್ಚ್‌ಗೆ ದುಡ್ಡು ಬರುವ ರೀತಿಯೇ ಬೇರೆ. ಸದಸ್ಯರ ಆದಾಯ ತೆರಿಗೆಯ ಜೊತೆಗೆ ಚರ್ಚ್ ತೆರಿಗೆ ಅಂತ ಸರ್ಕಾರವೇ ಹಿಡಿದು ಚರ್ಚ್‌ಗೆ ಕೊಡುತ್ತದೆ. ವುರ್ಟೆಂಬರ್ಗ್ ಇರುವ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಶೇ. 8ರಷ್ಟು. ಜನ ಸದಸ್ಯತ್ವ ಬಿಡುತ್ತಾ ಹೋದ ಹಾಗೆ ಆ ದುಡ್ಡೂ ಇಳಿಯುತ್ತಿದೆ. ಸಭೆಗಳನ್ನು ಒಟ್ಟು ಸೇರಿಸುತ್ತಿದ್ದಾರೆ, ಕಟ್ಟಡಗಳನ್ನು ಮಾರುತ್ತಿದ್ದಾರೆ. ಅವರಿಗೂ ಚಿಂತೆ ಇದೆ.

ಕಾನೂನು ಏನು ಹೇಳುತ್ತೆ?

ವಿದೇಶಿ ದೇಣಿಗೆ ಕಾಯ್ದೆ, ಅಂದರೆ ಎಫ್.ಸಿ.ಆರ್.ಎ., 2010ರದ್ದು. 2020ರಲ್ಲಿ ಬಿಗಿಯಾದ ತಿದ್ದುಪಡಿ ಬಂತು. ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ವಿದೇಶಿ ದೇಣಿಗೆ ತಗೊಳ್ಳುವಂತಿಲ್ಲ. ನೋಂದಣಿ ಇದ್ದರೂ ದುಡ್ಡು ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ. ಒಂದು ಸಂಸ್ಥೆ ಪಡೆದ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ಖರ್ಚು ಶೇ. 20 ಮೀರುವಂತಿಲ್ಲ.

ಹಾಗಾಗಿ ದಯವಿಟ್ಟು ಒಂದು ಮಾತು ನೆನಪಿಡಿ. 'ನನ್ನ ಖಾತೆಗೆ ಹಾಕಿಸಿ, ನಾನು ಸಭೆಗೆ ಕೊಡ್ತೇನೆ' ಅಂತ ಯಾರೂ ಹೇಳಬೇಡಿ. ಒಳ್ಳೇ ಮನಸ್ಸಿನಿಂದಲೇ ಹೇಳಿರುತ್ತೀರಿ, ಆದರೆ ಅದು ಕಾನೂನು ಮುರಿದ ಹಾಗೆ. ಏನೇ ಇದ್ದರೂ ಸಭಾಪ್ರಾಂತ್ಯದ ಕಚೇರಿಯಲ್ಲಿ ಕೇಳಿ.

ಬಂದ ಅತಿಥಿಗಳು ಕಾಣಿಕೆ ಚೀಲಕ್ಕೆ ನೋಟು ಹಾಕಬಹುದಾ?

ಬೇಡ ಅಂತ ಮೊದಲೇ ಹೇಳಿಬಿಡುತ್ತೇವೆ. ವಿದೇಶಿಯರು ಇಲ್ಲೇ, ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಏಲಂನಲ್ಲೂ ಹಾಗೇ. ಬೆಳೆ ಹಬ್ಬದ ದಿನ ಒಬ್ಬರು ಅತಿಥಿ ಗುಂಪಿನ ಮಧ್ಯೆ ಕೂತಿದ್ದರು. ಮೇಜಿನ ಮೇಲೆ ಚೀನಿಕಾಯಿ (ಸಿಹಿಕುಂಬಳ), ಸೌತೆ, ಬಸಳೆ ಕಟ್ಟು, ಕಾಲು ಕಟ್ಟಿದ ಊರಕೋಳಿ. ಕೋಳಿ ನೂರರಿಂದ ಶುರುವಾಗಿ ಎರಡು ಸಾವಿರ ದಾಟಿತು. ಕೊಂಡವರು ಅದನ್ನು ಮತ್ತೆ ಮೇಜಿಗೇ ಇಟ್ಟರು, ಇನ್ನೊಮ್ಮೆ ಕೂಗಲಿ ಅಂತ. ಅತಿಥಿಗೆ ಆಶ್ಚರ್ಯವೋ ಆಶ್ಚರ್ಯ. ಕೈ ಎತ್ತಲು ಹೋದರು. ಪಕ್ಕದಲ್ಲಿದ್ದ, ಅವರು ಉಳಿದುಕೊಂಡಿದ್ದ ಮನೆಯ ಅಮ್ಮ ಅವರ ಕೈ ಮೆಲ್ಲಗೆ ಕೆಳಗಿಳಿಸಿ, ತಮ್ಮ ಹೆಸರಲ್ಲೇ ತಮ್ಮ ದುಡ್ಡಲ್ಲೇ ಚೀನಿಕಾಯಿ ಕೂಗಿ ಅವರ ಮಡಿಲಿಗೆ ಇಟ್ಟರು. ಸಂಜೆ ಇಬ್ಬರೂ ಕೂತು ಅದನ್ನು ಹೆಚ್ಚಿ 'ಗಟ್ಟಿ' ಅನ್ನುವ ತಿಂಡಿ ಮಾಡಿದರು.

ಹಾಗಾದ್ರೆ ಈ ಸಂಬಂಧದಿಂದ ಅವರಿಗೇನು ಸಿಗುತ್ತೆ?

ಅವರನ್ನೇ ಕೇಳಿದ್ದೇವೆ. ಮನೆಯಲ್ಲಿ ದಿನಾ ಸಂಜೆ ಎಲ್ಲರೂ ಕೂತು ಪ್ರಾರ್ಥಿಸುವುದು ಅವರನ್ನು ತುಂಬಾ ತಟ್ಟುತ್ತದೆ. ಬೇರೆ ಧರ್ಮದವರ ನಡುವೆ ಸಣ್ಣ ಗುಂಪಾಗಿ ಬಾಳುವುದು ಹೇಗೆ ಅನ್ನುವುದು ಅವರಿಗೆ ಈಗ ಕಲಿಯಬೇಕಾದ ವಿಷಯ. ನಮಗೆ ಅದು ಹುಟ್ಟಿನಿಂದ ಗೊತ್ತು. ನೆರೆಮನೆಯವರು ದೀಪಾವಳಿಗೆ ಸಿಹಿ ಕೊಡುತ್ತಾರೆ, ನಾವು ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿ ಕೊಡುತ್ತೇವೆ, ಪಕ್ಕದ ಬ್ಯಾರಿ ಮುಸ್ಲಿಮರ ಮನೆಯಿಂದ ಹಬ್ಬಕ್ಕೆ ಬಿರಿಯಾನಿ ಬರುತ್ತದೆ. ಇದನ್ನು ಹತ್ತಿರದಿಂದ ನೋಡಿ ಹೋದವರು ತಮ್ಮ ಊರಿಗೆ ಬಂದ ಸಿರಿಯಾದ, ಉಕ್ರೇನಿನ ನಿರಾಶ್ರಿತರ ಬಗ್ಗೆ ನಮ್ಮ ಜೊತೆ ತುಂಬಾ ಹೊತ್ತು ಮಾತಾಡಿದ್ದಾರೆ.

ನಮ್ಮದು ಸಣ್ಣ ಮನೆ. ಅತಿಥಿಗಳನ್ನು ಉಳಿಸಿಕೊಳ್ಳಬಹುದಾ?

ಖಂಡಿತ. ಒಂದು ಮಂಚ, ಸೊಳ್ಳೆಪರದೆ, ಫ್ಯಾನು, ಕುದಿಸಿ ಆರಿಸಿದ ನೀರು, ಬಾಗಿಲು ಹಾಕಿಕೊಳ್ಳುವಂಥ ಬಚ್ಚಲು ಇದ್ದರೆ ಸಾಕು. ಎ.ಸಿ. ಹಾಕಿಸಬೇಡಿ. ಸಾಲ ಮಾಡಿ ಸೋಫಾ ತರಬೇಡಿ. ಕಮೋಡ್ ಇಲ್ಲದಿದ್ದರೆ ಮೊದಲೇ ಹೇಳಿ. ವಯಸ್ಸಾದವರನ್ನು, ಮೊಣಕಾಲು ನೋವಿರುವವರನ್ನು ಬೇರೆ ಮನೆಗೆ ಹಾಕುತ್ತೇವೆ.

ಊಟದಲ್ಲಿ ಖಾರ ಸ್ವಲ್ಪ ಕಡಿಮೆ ಮಾಡಿ, ಅಷ್ಟೇ. ನೀರುದೋಸೆ ಎಲ್ಲರಿಗೂ ಇಷ್ಟ ಆಗುತ್ತದೆ. ಬಡಿಸುವಾಗ ಮಾತ್ರ ಒತ್ತಾಯ ಬೇಡ. ನಾವು 'ಸಾಕು' ಅಂದರೆ ಇನ್ನೊಂದು ಸೌಟು ಅಂತ ಲೆಕ್ಕ. ಅವರು ಸಾಕು ಅಂದರೆ ನಿಜವಾಗಿ ಸಾಕು. ಮಧ್ಯಾಹ್ನ ಒಂದು ಗಂಟೆ ಒಬ್ಬರೇ ಇರಲು ಬಿಡಿ. ಅದು ಅಹಂಕಾರ ಅಲ್ಲ, ಅವರ ಅಭ್ಯಾಸ.

ಯಾವ ಮನೆಯಲ್ಲಿ ವಿದೇಶಿ ಅತಿಥಿ ತಂಗಿದರೂ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಎಲ್ಲರೂ ಇದನ್ನು ಸಿ ಫಾರ್ಮ್ ಅನ್ನುತ್ತಾರೆ. ಪಾಸ್‌ಪೋರ್ಟ್, ವೀಸಾ ಪ್ರತಿ ಇಟ್ಟುಕೊಂಡು ನಮ್ಮ ಯುವಜನ ಕೂಟದವರು ಕೂತಲ್ಲೇ ತುಂಬಿಕೊಡುತ್ತಾರೆ.

ಅತಿಥಿಗಳು ನಮ್ಮ ಚರ್ಚ್‌ನಲ್ಲಿ ಪ್ರಸಂಗ (ಧರ್ಮೋಪದೇಶ) ಮಾಡಬಹುದಾ?

ಇಲ್ಲ. ಪ್ರವಾಸಿ ವೀಸಾದಲ್ಲಿ ಬಂದವರು ಆರಾಧನೆಗೆ ಬಂದು ಕೂರಬಹುದು, ಹಾಡಬಹುದು. ಆದರೆ ಧರ್ಮಬೋಧನೆ ಮಾಡುವುದು, ಪ್ರಾರ್ಥನಾ ಸ್ಥಳದಲ್ಲಿ ಭಾಷಣ ಮಾಡುವುದು, ಧಾರ್ಮಿಕ ಕರಪತ್ರ ಹಂಚುವುದು ವೀಸಾ ನಿಯಮಕ್ಕೆ ವಿರುದ್ಧ. ಮಿಷನರಿ ವೀಸಾ ಅಂತಲೇ ಬೇರೆ ಇದೆ. ಅದಕ್ಕೇ ಅವರು ತರುವ ಶುಭಾಶಯ ಪತ್ರವನ್ನು ನಮ್ಮ ಕಾರ್ಯದರ್ಶಿ ಓದುತ್ತಾರೆ. ಅತಿಥಿಗಳು ಬೆಂಚಿನಲ್ಲೇ ಕೂತಿರುತ್ತಾರೆ. ಕೆಲವು ಹಿರಿಯರಿಗೆ ಇದು ಅಗೌರವ ಅನ್ನಿಸುತ್ತದೆ. ಅತಿಥಿಗಳಿಗೆ ವಿಷಯ ಗೊತ್ತಿರುತ್ತದೆ, ಬೇಸರ ಮಾಡಿಕೊಳ್ಳುವುದಿಲ್ಲ.

ಇದು ಮತಾಂತರದ ಕೆಲಸ ಅಂತ ಹೊರಗೆ ಮಾತಾಡಿದ್ರೆ?

ಮುಚ್ಚಿಡಲು ಏನೂ ಇಲ್ಲದ ಕಾರಣ ತೆರೆದೇ ಹೇಳಿ. ಅವರು ಬರುವುದು ನಮ್ಮನ್ನು ನೋಡಲು. ನಮ್ಮ ಮನೆಯಲ್ಲಿ ಉಳಿಯುತ್ತಾರೆ, ನಮ್ಮ ಜೊತೆ ಉಣ್ಣುತ್ತಾರೆ, ಶಾಲೆ ಆಸ್ಪತ್ರೆ ನೋಡುತ್ತಾರೆ, ಹೋಗುತ್ತಾರೆ. ಬರುವ ಮುಂಚೆ ನೆರೆಹೊರೆಯವರಿಗೆ ನಾವೇ ತಿಳಿಸುತ್ತೇವೆ, ಒಂದು ಸಂಜೆ ಚಹಾಕ್ಕೂ ಕರೆಯುತ್ತೇವೆ.

ನಮ್ಮ ಕಡೆಯಿಂದ ಹೋಗುವವರನ್ನು ಹೇಗೆ ಆರಿಸ್ತೀರಿ?

ಸ್ತ್ರೀಯರ ಅನ್ಯೋನ್ಯ ಕೂಟ, ಯುವಜನ ಕೂಟ, ಸಂಡೇ ಸ್ಕೂಲ್ ಶಿಕ್ಷಕರು, ಸಭಾ ಸಮಿತಿ, ಹೀಗೆ ಎಲ್ಲ ಕಡೆಯಿಂದ ಒಬ್ಬೊಬ್ಬರು. ಒಮ್ಮೆ ಹೋದವರಿಗೆ ಮತ್ತೆ ಅವಕಾಶ ಇಲ್ಲ. ಇಂಗ್ಲಿಷ್ ಬರುವವರು, ಸೂಟು ಇರುವವರು ಮಾತ್ರ ಹೋಗುವುದಾದರೆ ಅಲ್ಲಿಯವರಿಗೆ ನಮ್ಮ ಸಭೆ ಕಾಣುವುದೇ ಇಲ್ಲ. ಬೀಡಿ ಕಟ್ಟುವ ಅಕ್ಕ, ಆಟೋ ಓಡಿಸುವ ಅಣ್ಣ ಹೋಗಿ ಬರಬೇಕು. ಹೋಗುವವರು ಬಂದ ಮೇಲೆ ನಮ್ಮ ಸಭೆಯ ಎಲ್ಲ ವಾರ್ಡ್‌ಗಳ ಪ್ರಾರ್ಥನಾ ಕೂಟದಲ್ಲಿ ಕಂಡದ್ದನ್ನು ಹೇಳಲೇಬೇಕು. ಇದು ಷರತ್ತು.

ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ. 180 ದಿನದಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಬಹುದು, ಕೊನೆಗಳಿಗೆಗೆ ಬಿಡಬೇಡಿ. ಅಲ್ಲಿಯ ಆತಿಥೇಯರು ಖರ್ಚಿನ ಹೊಣೆ ಹೊತ್ತು ಅವರ ಊರಿನ ವಿದೇಶಿಯರ ಕಚೇರಿಯಲ್ಲಿ ಸಹಿ ಮಾಡಿದ ಪತ್ರ ಕಳಿಸಿದರೆ ಬ್ಯಾಂಕ್ ಖಾತೆಯಲ್ಲಿ ಜಾಸ್ತಿ ದುಡ್ಡು ಇಲ್ಲದವರಿಗೂ ದಾರಿ ಆಗುತ್ತದೆ. ವಾಪಸ್ ಬರುವ ದಿನ ವಾಪಸ್ ಬರಲೇಬೇಕು. ಒಬ್ಬರು ಅಲ್ಲೇ ಉಳಿದರೆ ಮುಂದೆ ಹೋಗುವ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ.

ಅಲ್ಲಿ ಚರ್ಚ್‌ಗಳು ಖಾಲಿ ಅಂತಾರಲ್ಲ?

ಸಾಧಾರಣ ಭಾನುವಾರ ಬೆಂಚುಗಳು ಖಾಲಿ ಇರುವುದು ನಿಜ, ಬಂದವರಲ್ಲಿ ತಲೆ ನರೆತವರೇ ಜಾಸ್ತಿ. ಅದನ್ನು ನೋಡಿ 'ಇವರಿಗೆ ಭಕ್ತಿ ಇಲ್ಲ' ಅಂತ ತೀರ್ಮಾನ ಮಾಡಬೇಡಿ. ಕಂಚಿನ ವಾದ್ಯಗಳ ತಂಡ ಇರುತ್ತದೆ, ಅದರಲ್ಲಿ ಹದಿಮೂರರ ಹುಡುಗಿಯೂ ಎಪ್ಪತ್ತರ ಅಜ್ಜನೂ ಒಟ್ಟಿಗೆ ಊದುತ್ತಾರೆ. 14ರ ಆಸುಪಾಸಿನಲ್ಲಿ ಮಕ್ಕಳಿಗೆ ಕನ್ಫರ್ಮೇಶನ್, ಅಂದರೆ ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ಆಚರಣೆ, ಆಗುತ್ತದೆ. ವಾರದ ದಿನಗಳಲ್ಲಿ ವಯಸ್ಸಾದವರ ಮನೆಗೆ ಹೋಗುವವರು, ನಿರಾಶ್ರಿತರಿಗೆ ಭಾಷೆ ಕಲಿಸುವವರು ಇದ್ದಾರೆ. ಭಾನುವಾರ ಮಾತ್ರ ನೋಡಿದರೆ ಇದ್ಯಾವುದೂ ಕಾಣುವುದಿಲ್ಲ. ಇನ್ನೊಂದು ಸಂತೋಷದ ವಿಷಯ, ಗೀತೆ ಶುರುವಾದರೆ ನಿಮಗೆ ರಾಗ ಗೊತ್ತಿರುತ್ತದೆ. ನಮ್ಮ ಗೀತೆ ಪುಸ್ತಕದ ಎಷ್ಟೋ ರಾಗಗಳು ಅಲ್ಲಿಂದಲೇ ಬಂದವು. ಅವರು ಜರ್ಮನ್‌ನಲ್ಲಿ, ನೀವು ಕನ್ನಡದಲ್ಲಿ ಒಟ್ಟಿಗೆ ಹಾಡಿ.

ನನಗೆ ಇಂಗ್ಲಿಷೂ ಬರಲ್ಲ, ಜರ್ಮನ್ನೂ ಬರಲ್ಲ

ಪರವಾಗಿಲ್ಲ. ಅಲ್ಲಿಯ ಹಳ್ಳಿಯ ಹಿರಿಯರಿಗೂ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಫೋನಿನ ಅನುವಾದ ಇದೆ, ಮಕ್ಕಳಿದ್ದಾರೆ. ಅಡುಗೆಮನೆಯಲ್ಲಿ ಯಾರಿಗೂ ದುಭಾಷಿ ಬೇಕಾಗಿಲ್ಲ.

ನನ್ನ ಮಗ ಒಂದು ವರ್ಷ ಸ್ವಯಂಸೇವಕನಾಗಿ ಹೋಗಬಹುದಾ?

ಹೋಗಬಹುದು. ಜರ್ಮನ್ ಸರ್ಕಾರದ 'ವೆಲ್ಟ್‌ವೆರ್ಟ್ಸ್' ಅನ್ನುವ ಸ್ವಯಂಸೇವಾ ಯೋಜನೆ 2008ರಲ್ಲಿ ಶುರುವಾಯಿತು. ಮೊದಲು ಅಲ್ಲಿಯ ಯುವಕರು ಮಾತ್ರ ಹೊರಗೆ ಹೋಗುತ್ತಿದ್ದರು. 2013ರಿಂದ ನಮ್ಮಂಥ ದೇಶಗಳ ಯುವಜನರೂ ಅಲ್ಲಿಗೆ ಹೋಗಬಹುದು. ವಯಸ್ಸು 18ರಿಂದ 28. ಕಿಂಡರ್‌ಗಾರ್ಟನ್, ಅಂಗವಿಕಲರ ಮನೆ, ವೃದ್ಧಾಶ್ರಮ ಇಂಥ ಕಡೆ ಕೆಲಸ. ಕೈಖರ್ಚು, ವಸತಿ ಕೊಡುತ್ತಾರೆ, ಸಂಬಳ ಅಲ್ಲ. ನೌಕರಿಗೆ ಏಣಿ ಅಂತ ಲೆಕ್ಕ ಹಾಕಿ ಕಳಿಸಬೇಡಿ. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತದೆ. ಆಗ ಮಕ್ಕಳಿಗೆ ಮನೆ ನೆನಪು ಜೋರಾಗಿ ಕಾಡುತ್ತದೆ, ವಾರಕ್ಕೊಮ್ಮೆಯಾದರೂ ವಿಡಿಯೋ ಕಾಲ್ ಮಾಡಿ.

ಫೋಟೋಗಳನ್ನು ಫೇಸ್‌ಬುಕ್‌ಗೆ ಹಾಕಬಹುದಾ?

ಕೇಳದೆ ಬೇಡ. ಮಕ್ಕಳದ್ದಂತೂ ತಂದೆ ತಾಯಿಯ ಒಪ್ಪಿಗೆ ಇಲ್ಲದೆ ಬೇಡವೇ ಬೇಡ. ಯುರೋಪಿನಲ್ಲಿ 2018ರಿಂದ ಈ ನಿಯಮ ತುಂಬಾ ಬಿಗಿ. ಇದೇ ಮರ್ಯಾದೆ ನಮ್ಮ ಮಕ್ಕಳಿಗೂ ಸಿಗಬೇಕು. ಹರಿದ ಅಂಗಿ ಹಾಕಿದ ಮಗುವಿನ ಫೋಟೋ ಅಲ್ಲಿಯ ಗೋಡೆಯಲ್ಲಿ ತೂಗುವುದು ನಮಗೆ ಇಷ್ಟ ಇಲ್ಲ. ಹಾಗಂತ ಅವರಿಗೆ ಹೇಳಿದ್ದೇವೆ, ಅವರು ಒಪ್ಪಿದ್ದಾರೆ.

ನಮ್ಮೊಳಗಿನ ಜಗಳ, ಜಾತಿ ವಿಷಯ ಅವರ ಮುಂದೆ ಹೇಳಬೇಕಾ?

ಕೇಳಿದರೆ ಸುಳ್ಳು ಹೇಳಬೇಡಿ. ಮದುವೆ ಮಾತು ಬಂದಾಗ ನಮ್ಮಲ್ಲೂ ಹಳೇ ಜಾತಿ ಇಣುಕುತ್ತದೆ ಅಲ್ವಾ? ಚುನಾವಣೆ ಸಮಯದಲ್ಲಿ ಸಭೆಯಲ್ಲಿ ಗುಂಪು ಆಗುತ್ತದೆ. ಅವರೂ ತಮ್ಮ ಚರ್ಚ್‌ನಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ಬಗ್ಗೆ, ನಾಜಿ ಕಾಲದಲ್ಲಿ ತಮ್ಮ ಅಜ್ಜಂದಿರು ಸುಮ್ಮನಿದ್ದುದರ ಬಗ್ಗೆ ನಮ್ಮ ಮುಂದೆ ಮಾತಾಡಿದ್ದಾರೆ. ಅಂಥ ಮಾತು ಆದ ಮೇಲೆ ನಡೆದ ಪ್ರಾರ್ಥನೆಯ ತೂಕವೇ ಬೇರೆ ಇತ್ತು.

ಎರಡೂ ಕಡೆ ಒಟ್ಟಿಗೆ ಪ್ರಾರ್ಥನೆ ಯಾವಾಗ?

ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಆರಾಧನೆ. ಬೇಸಿಗೆಯಲ್ಲಿ ಅದು ನಮಗೆ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಿಸುತ್ತಾರೆ, ಆ ವಾರ ಸಮಯ ಇನ್ನೊಮ್ಮೆ ನೋಡಿಕೊಳ್ಳಿ. ಕ್ರಿಸ್ಮಸ್‌ಗೆ ಮುಂಚಿನ ಅಡ್ವೆಂಟ್ ಕಾಲದ ಮೊದಲ ಭಾನುವಾರ ವಿಡಿಯೋದಲ್ಲಿ ಕೂಡುತ್ತೇವೆ. ಮಾರ್ಚ್‌ನ ಮೊದಲ ಶುಕ್ರವಾರ ಲೋಕ ಪ್ರಾರ್ಥನಾ ದಿನ, ಅದನ್ನು ಎರಡೂ ಕಡೆಯ ಹೆಂಗಸರು ನಡೆಸುತ್ತಾರೆ. ಉಳಿದ ವಾರಗಳಲ್ಲಿ ಅವರು ಕಳಿಸುವ ಪ್ರಾರ್ಥನೆಯ ಪಟ್ಟಿಯನ್ನು ನಮ್ಮ ಆರಾಧನೆಯಲ್ಲಿ ಓದುತ್ತೇವೆ, ನಮ್ಮದನ್ನು ಅವರು ಓದುತ್ತಾರೆ. ಆಸ್ಪತ್ರೆಯಲ್ಲಿರುವವರ ಹೆಸರು ಸೇರಿಸುವಾಗ ಮಾತ್ರ ಮನೆಯವರನ್ನು ಕೇಳಿ.

ನಾನು ಸೇರಬೇಕಾದ್ರೆ ಏನು ಮಾಡಬೇಕು?

ತಿಂಗಳ ಎರಡನೇ ಭಾನುವಾರ ಆರಾಧನೆ ಮುಗಿದ ಮೇಲೆ ಸಂಡೇ ಸ್ಕೂಲ್ ಕೋಣೆಗೆ ಬನ್ನಿ. ಚಂದಾ ಇಲ್ಲ, ಅರ್ಜಿ ಇಲ್ಲ. ಈಗ ಮುಖ್ಯವಾಗಿ ಬೇಕಾಗಿರುವುದು ಪತ್ರ ಬರೆಯುವವರು. ಅಲ್ಲಿ ಒಂಟಿಯಾಗಿರುವ ಕೆಲವು ಹಿರಿಯರು ಟಪಾಲಿನಲ್ಲಿ ಬರುವ ಪತ್ರ ಕೇಳಿದ್ದಾರೆ. ಕನ್ನಡದಲ್ಲೇ ಬರೆಯಿರಿ, ಅನುವಾದ ನಾವು ಮಾಡಿ ಜೊತೆಗೆ ಲಗತ್ತಿಸುತ್ತೇವೆ. ಮಳೆ ಹೇಗಿದೆ, ಹಲಸು ಈ ಸಲ ಎಷ್ಟು ಬಿಟ್ಟಿದೆ, ಮೊಮ್ಮಗ ಯಾವ ಕ್ಲಾಸು, ಇಷ್ಟು ಬರೆದರೂ ಸಾಕು. ವಿಳಾಸ ನಮ್ಮ ಹತ್ತಿರ ಇದೆ.